ಮಕ್ಕಳ ಚಿತ್ರ ಅಂಚೆಯಲ್ಲೂ ಬರಲಿ

ಮಾನ್ಯರೇ,

ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ಚಿತ್ರ ಕಳಿಸಲು ಈಗ ಇಮೇಲ್ ವಿಳಾಸ ಮಾತ್ರ ಇರುತ್ತದೆ. ಅದರ ಬಗ್ಗೆಯೇ ಈ ಪತ್ರ.

ನಾನು ಎಂಟು ವರ್ಷದಿಂದ ಟ್ಯಾಬ್ಲೆಟ್‌ನಲ್ಲೇ ಚಿತ್ರ ಬಿಡಿಸುತ್ತಿದ್ದೇನೆ. ಮದುವೆ ಕಾಗದ, ಪುಸ್ತಕದ ಮುಖಪುಟ, ಅಂಗಡಿ ಬೋರ್ಡು, ಎಲ್ಲ ಅದರಲ್ಲೇ. ಅದು ನನಗೆ ಅನ್ನ ಕೊಟ್ಟಿದೆ, ದೂರುವುದಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿ 6ಬಿ ಪೆನ್ಸಿಲಿನ ಒಂದು ತುಂಡು ಸಿಕ್ಕಿತು, ಸುಮ್ನೆ ಗೀಚಲು ಕೂತೆ. ಕೈಯೇ ಓಡಲಿಲ್ಲ. ತಪ್ಪಿದ ಕೂಡಲೇ ಎಡಗೈ ಎರಡು ಬೆರಳು ಹಾಳೆಯ ಮೇಲೆ ತಟ್ಟುತ್ತಿತ್ತು. ಟ್ಯಾಬ್ಲೆಟ್‌ನಲ್ಲಿ ಹಾಗೆ ತಟ್ಟಿದರೆ ಕೊನೆಗೆ ಎಳೆದ ಗೆರೆ ಅಳಿಸಿ ಹೋಗುತ್ತದೆ, ಕಾಗದದಲ್ಲಿ ಹೋಗುವುದಿಲ್ಲವಲ್ಲ! ಆ ದಿನ ನಿಜವಾಗಿ ಹೆದರಿದೆ.

ಆಮೇಲೆ ಚಿತ್ರ ಬಿಡಿಸಲು ಇದ್ದಿಲು ಮಾಡಿಕೊಂಡೆ. ನನ್ನ ಸಾಫ್ಟ್‌ವೇರ್‌ನಲ್ಲಿ ಚಾರ್ಕೋಲ್ ಅಂತ ಒಂದು ಬ್ರಷ್ ಇದೆ, ವರ್ಷಗಟ್ಟಲೆ ಬಳಸಿದ್ದೇನೆ, ನಿಜವಾದದ್ದನ್ನು ಮುಟ್ಟಿಯೇ ಇರಲಿಲ್ಲ. ಮೊದಲು ತೆಂಗಿನ ಗೆರಟೆಯ ಇದ್ದಿಲು ನೋಡಿದೆ, ಅದು ಗಟ್ಟಿ, ಕಾಗದ ಗೀರುತ್ತದೆ. ಹಳೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಸಿಪ್ಪೆ ಸುಲಿದು ಒಣಗಿಸಿದ ದಾಸವಾಳದ ಕಡ್ಡಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಮಾಡಿ, ಬಚ್ಚಲು ಒಲೆಯ ಕೆಂಡದಲ್ಲಿ ಇಟ್ಟೆ. ತೂತಿನಿಂದ ಹೊಗೆ ಬರುವುದು ನಿಂತ ಮೇಲೆ ಹೊರಗೆ ತೆಗೆಯಬೇಕು, ಪೂರ್ತಿ ತಣಿಯುವವರೆಗೆ ಮುಚ್ಚಳ ಬಿಚ್ಚಬಾರದು. ಬಿಸಿಯಲ್ಲೇ ಬಿಚ್ಚಿದರೆ ಗಾಳಿ ತಾಗಿ ಉರಿದು ಬೂದಿಯಾಗುತ್ತದೆ, ನನ್ನ ಮೊದಲ ಡಬ್ಬ ಹಾಗೇ ಹೋಯಿತು. ಎರಡನೆಯದರಲ್ಲಿ ಬಂದ ಕಡ್ಡಿಗಳು ಎಷ್ಟು ಮೆತ್ತಗಿದ್ದವು ಅಂದರೆ ಬೆರಳಲ್ಲಿ ಉಜ್ಜಿದರೆ ಸಾಕು, ಚಂದ್ರಗಿರಿ ಹೊಳೆಯ ಮೇಲಿನ ಮಳೆ ಮೋಡ ಹಾಳೆಗೆ ಬರುತ್ತದೆ.

ಆ ಇದ್ದಿಲು ಹಿಡಿದು ಒಂದು ಯಕ್ಷಗಾನ ಆಟದ ಚೌಕಿಗೆ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗಕ್ಕೆ, ಹೋದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯವನು ನಾನು, ಚೌಕಿಯ ಫೋಟೋ ತೆಗೆದು ಅದರ ಮೇಲೆ ಎಷ್ಟೋ ಸಲ ಬಣ್ಣ ಹಾಕಿದ್ದೇನೆ. ಆದರೆ ರಾಕ್ಷಸರ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿ ಅನ್ನುವ ಬಿಳಿ ಮುಳ್ಳುಗಳನ್ನು ಇಡುವಾಗ ಒಂದೊಂದು ಮುಳ್ಳಿಗೂ ಒಂದೊಂದು ನೆರಳು ಇರುತ್ತದೆ ಅಂತ ಕಂಡದ್ದು ಈ ಸಲ. ಗಂಟೆಗಟ್ಟಲೆ ಅವರು ಕೂತರು, ನಾನೂ ಕೂತೆ. ಫೋಟೋ ಇದ್ದರೆ ಮನೆಗೆ ಹೋಗಿ ನೋಡಿದರಾಯಿತು ಅನಿಸುತ್ತದೆ. ಇದ್ದಿಲು ಕೈಯಲ್ಲಿದ್ದಾಗ ಆಗಲೇ ನೋಡಬೇಕು, ಅಲ್ವಾ?

ನಮ್ಮ ಕಾಸರಗೋಡು ಜಿಲ್ಲೆಯ ಕನ್ನಡ ಶಾಲೆಯ ಮಕ್ಕಳ ಕೈಗೆ ಈಗ ಫೋನ್ ಬೇಗ ಬರುತ್ತದೆ, ಕ್ರೇಯಾನ್ ಬೇಗ ಹೋಗುತ್ತದೆ. ಪಕ್ಕದ ಮನೆಯ ಹುಡುಗಿ ಪೆನ್ಸಿಲಿನಲ್ಲಿ ಬೇಕಲ ಕೋಟೆ ಬಿಡಿಸಿದ್ದಳು. ಅವಳಪ್ಪ ಫೋನಿನಲ್ಲಿ ಫೋಟೋ ತೆಗೆದು ನಿಮಗೆ ಕಳಿಸುವಾಗ ಫಿಲ್ಟರ್ ಹಾಕಿ 'ಚಂದ' ಮಾಡಿದರು, ಅವಳ ತೆಳು ಗೆರೆಗಳೆಲ್ಲ ಮಾಯ. ಅವಳ ಮುಖ ಸಪ್ಪೆಯಾಯಿತು.

ಆದ್ದರಿಂದ ಕೇಳುತ್ತೇನೆ. ಇಮೇಲ್ ಇರಲಿ, ಜೊತೆಗೆ ಅಂಚೆ ವಿಳಾಸವನ್ನೂ ಹಾಕಿ. ಕಾಗದದ ಮೇಲೆ ಬಿಡಿಸಿದ ಮೂಲ ಚಿತ್ರವೇ ನಿಮ್ಮ ಮೇಜಿಗೆ ಬರಲಿ, ನೀವೇ ಸ್ಕ್ಯಾನ್ ಮಾಡಿ. ಪೆನ್ಸಿಲೋ ಶಾಯಿಯೋ ಆದರೆ ಒಳ್ಳೆಯದು, ಇದ್ದಿಲು ಅಂಚೆಯಲ್ಲಿ ಅಳಿಸಿಹೋಗುತ್ತದೆ. ತಿಂಗಳಿಗೆ ಒಂದು ವಾರ ಮಾಡಿದರೂ ಸಾಕು.

ಇತಿ,
ಒಬ್ಬ ಚಿತ್ರಕಾರ, ಕುಂಬಳೆ