ಕುದುರೆ ಹಿಡಿದು ನಿಂತವನನ್ನು ಬಿಡಬೇಡ

ಮೈಸೂರು

ಚಿ. ಪುಟ್ಟುಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ರಾಜ್ಯೋತ್ಸವಕ್ಕೆ ನೀನು ಮಾಡಲಿರುವ ಭಾಷಣವನ್ನು ಕಳಿಸಿದ್ದೆಯಲ್ಲ, ಕೂತು ಪೂರ್ತಿ ಓದಿದೆ. ಮೊದಲ ಮಹಾಯುದ್ಧದಲ್ಲಿ ತುರ್ಕರ ವಿರುದ್ಧ ಹೋರಾಡಿದ ಎರಡು ಕುದುರೆ ಪಡೆಗಳನ್ನು, ನಮ್ಮ ಮಹಾರಾಜರ ಮೈಸೂರು ಲ್ಯಾನ್ಸರ್ಸ್ ಮತ್ತು ನಿಮ್ಮ ಮೆಲ್ಬರ್ನಿನ 4ನೇ ಲೈಟ್ ಹಾರ್ಸ್ ರೆಜಿಮೆಂಟನ್ನು, ಒಟ್ಟಿಗೆ ತಂದದ್ದು ಒಳ್ಳೆಯ ಯೋಚನೆ. ಪ್ಯಾಲೆಸ್ಟೈನಿನ ಬೀರ್‌ಶೀಬಾ ಊರಿನ ಮೇಲೆ 4ನೆಯವರ ದಾಳಿ ನಡೆದದ್ದು 1917ರ ಅಕ್ಟೋಬರ್ 31ಕ್ಕೆ. ಮಾರನೇ ದಿನದ ತಾರೀಕೇ ನಮ್ಮ ರಾಜ್ಯೋತ್ಸವದ್ದು. ಅಲ್ಲಿಯ ಕನ್ನಡಿಗರಿಗೆ ಇದಕ್ಕಿಂತ ಹೊಂದುವ ವಿಷಯ ಸಿಗುವುದು ಕಷ್ಟ. ಆದರೂ ನಾಲ್ಕು ಮಾತು ಹೇಳಬೇಕು ಅನ್ನಿಸಿತು. ಬೇಜಾರು ಮಾಡಿಕೊಳ್ಳಬೇಡ.

ಮೊದಲ ಪುಟದಲ್ಲಿ ಬೀರ್‌ಶೀಬಾದ್ದು "ಜಗತ್ತಿನ ಕೊನೆಯ ಕುದುರೆ ದಾಳಿ" ಅಂತ ಬರೆದಿದ್ದೀಯ. ಮೂರನೇ ಪುಟದಲ್ಲಿ ಹೈಫಾದ್ದೂ "ಜಗತ್ತಿನ ಕೊನೆಯ ಕುದುರೆ ದಾಳಿ". ನಮ್ಮವರಿದ್ದ ಹೈಫಾ ದಾಳಿಯೂ ಪ್ಯಾಲೆಸ್ಟೈನಿನಲ್ಲೇ, ನಡೆದದ್ದು 1918ರ ಸೆಪ್ಟೆಂಬರ್ 23ಕ್ಕೆ. ಎರಡೂ ಕೊನೆಯದಾಗುವುದು ಹೇಗಪ್ಪಾ? ಅದಾದ ಎರಡೇ ದಿನಕ್ಕೆ ಸೆಮಖ್ ರೈಲ್ವೆ ನಿಲ್ದಾಣದ ಮೇಲೆ 11ನೇ ಲೈಟ್ ಹಾರ್ಸ್‌ನವರು ಬೆಳಕು ಹರಿಯುವ ಮುಂಚೆಯೇ ಕತ್ತಿ ಹಿಡಿದು ಕುದುರೆ ಓಡಿಸಿದರು. ಅಷ್ಟೇಕೆ, ಇಟಲಿಯವರು 1942ರಲ್ಲಿ ರಷ್ಯಾದ ಬಯಲಲ್ಲಿ ಹೀಗೇ ನುಗ್ಗಿದ್ದಾರೆ. ಎರಡೂ ಕಡೆ ಆ ಸಾಲನ್ನು ಹೊಡೆದುಹಾಕು. ಸಭೆಯಲ್ಲಿ ಒಬ್ಬ ತಿಳಿದವನು ಇದ್ದರೂ ಸಾಕು, ಮುಂದೆ ನೀನು ಹೇಳುವುದನ್ನು ಯಾರೂ ನಂಬುವುದಿಲ್ಲ.

ಇನ್ನು ಮುಖ್ಯವಾದದ್ದು. ಲೈಟ್ ಹಾರ್ಸ್‌ನವರೂ ನಮ್ಮ ಲ್ಯಾನ್ಸರ್ಸ್ ತರಹವೇ ಅಂದುಕೊಂಡು ಬರೆದಿದ್ದೀಯ. ನಮ್ಮವರು ಈಟಿ ಹಿಡಿದು ಕುದುರೆ ಮೇಲಿಂದಲೇ ಹೊಡೆದಾಡಲು ಕಲಿತವರು. ಲೈಟ್ ಹಾರ್ಸ್‌ನವರು ಕುದುರೆ ಹತ್ತಿದ ಕಾಲಾಳುಗಳು. ಅವರಿಗೆ ಕುದುರೆ ಬೇಕಾಗಿದ್ದು ಬೇಗ ಹೋಗಿ ಮುಟ್ಟುವುದಕ್ಕೆ. ಮುಟ್ಟಿದ ಮೇಲೆ ಕೆಳಗಿಳಿದು ರೈಫಲ್ ಹಿಡಿದು ಹೋರಾಟ. ನಾಲ್ಕು ಜನರ ಒಂದು ಗುಂಪು. ಊಟ, ನಿದ್ದೆ, ಸವಾರಿ ಎಲ್ಲ ಜೊತೆಗೇ. ಗುಂಡು ಹಾರಿಸುವ ಜಾಗ ಬಂದರೆ ಮೂವರು ಇಳಿದು ಮುಂದೆ ಹೋಗುತ್ತಿದ್ದರು. ಉಳಿದ ಒಬ್ಬ ನಾಲ್ಕೂ ಕುದುರೆಗಳನ್ನು ಹಿಡಿದುಕೊಂಡು ಹಿಂದೆ ಎಲ್ಲಾದರೂ ತಗ್ಗಿನಲ್ಲಿ ನಿಲ್ಲಬೇಕು. ಅಂದರೆ ಇಳಿದು ಹೋರಾಡುವ ಹೊತ್ತಿಗೆ ರೆಜಿಮೆಂಟಿನ ಕಾಲು ಭಾಗ ಜನ ಹಿಂದೆಯೇ.

ಈ ಹಿಂದೆ ನಿಂತವನ ಸುದ್ದಿ ನಿನ್ನ ಭಾಷಣದಲ್ಲಿ ಒಂದು ಸಾಲೂ ಇಲ್ಲ. ನಾನು ಪಶುವೈದ್ಯನಾಗಿದ್ದವನು, ಕುದುರೆ ಹಿಡಿದು ಗೊತ್ತು. ಹೆದರಿದ ಒಂದನ್ನು ನಿಲ್ಲಿಸುವುದರಲ್ಲೇ ಸಾಕುಸಾಕಾಗುತ್ತದೆ. ತಲೆ ಮೇಲಕ್ಕೆಸೆಯುತ್ತದೆ, ನಿನ್ನ ಸುತ್ತಲೇ ತಿರುಗುತ್ತದೆ, ಹಿಂಗಾಲಿಗೆ ಭಾರ ಹಾಕಿ ಜಗ್ಗುತ್ತದೆ. ಲಗಾಮಿನ ತೊಗಲು ಅಂಗೈಯಲ್ಲಿ ಜಾರುವಾಗ ಚರ್ಮವನ್ನೇ ಕಿತ್ತುಕೊಂಡು ಹೋಗುತ್ತದೆ. ಅಂಥವು ನಾಲ್ಕು! ಮೇಲಿಂದ ಫಿರಂಗಿ ಗುಂಡು, ಆಗಾಗ ವಿಮಾನದ ಬಾಂಬು. ತಿರುಗಿ ಹೊಡೆಯೋಣ ಅಂದರೆ ಕೈ ಖಾಲಿ ಇಲ್ಲ. ಇವನು ಲಗಾಮು ಬಿಟ್ಟರೆ ಮುಂದೆ ಹೋದ ಮೂವರು ಮರುಭೂಮಿಯಲ್ಲಿ ನಡೆದುಕೊಂಡೇ ವಾಪಸ್ ಬರಬೇಕು. ಬಂದರೆ ಉಂಟು. ಇವನಿಗೆ ಪದಕ ಕೊಟ್ಟದ್ದು ಕಡಿಮೆ, ಚಿತ್ರ ಬರೆದದ್ದು ಇನ್ನೂ ಕಡಿಮೆ ಅಂತ ನನ್ನ ಲೆಕ್ಕ. ಅವನ ಬಗ್ಗೆ ಎರಡು ನಿಮಿಷ ಮಾತಾಡು.

4ನೇ ರೆಜಿಮೆಂಟಿನ ಹಿಂದಿನ ಕಥೆಯನ್ನು ಬೇಗ ಮುಗಿಸಬಹುದು. 1914ರ ಆಗಸ್ಟ್‌ನಲ್ಲಿ ಮೆಲ್ಬರ್ನಿನ ಬ್ರಾಡ್‌ಮೆಡೋಸ್‌ನಲ್ಲಿ ಕಟ್ಟಿದರು, ಅಕ್ಟೋಬರ್‌ನಲ್ಲಿ ಹಡಗು ಹತ್ತಿದರು. ಸವಾರಿ ಮಾಡಲು ಬಂದವರನ್ನು 1915ರ ಮೇ ತಿಂಗಳಲ್ಲಿ ಕುದುರೆ ಈಜಿಪ್ಟಿನಲ್ಲೇ ಬಿಡಿಸಿ ತುರ್ಕಿಯ ಗಲಿಪೊಲಿಯ ಕಂದಕಕ್ಕೆ ಇಳಿಸಿದರು. ಆಮೇಲೆ ಒಂದಿಷ್ಟು ಜನ ಫ್ರಾನ್ಸಿಗೆ ಹೋದರು. ಉಳಿದವರು 1917ರಲ್ಲಿ 11ನೇ ಮತ್ತು 12ನೇ ರೆಜಿಮೆಂಟಿನ ಜೊತೆ ಸೇರಿ ಒಂದು ಬ್ರಿಗೇಡ್, ಅಂದರೆ ಮೂರು ರೆಜಿಮೆಂಟಿನ ಪಡೆ, ಆದರು.

ನೀರಿನ ವಿಷಯ ಮಾತ್ರ ಅವಸರದಲ್ಲಿ ಹೇಳಬೇಡ, ಬೀರ್‌ಶೀಬಾ ಅಂದರೆ ನೀರಿನ ಕಥೆಯೇ. ಸವಾರ, ಜೀನು, ರೈಫಲ್, ಗುಂಡು, ಕಂಬಳಿ, ಮೇವು ಎಲ್ಲ ಸೇರಿ ಒಂದು ಕುದುರೆಯ ಬೆನ್ನ ಮೇಲೆ ಸುಮಾರು 130 ಕಿಲೋ. ಬಿಸಿಲಲ್ಲಿ ಇಷ್ಟು ಹೊತ್ತು ನಡೆಯುವುದಕ್ಕೆ ದಿನಕ್ಕೆ 30 ಲೀಟರ್ ನೀರಾದರೂ ಬೇಕು. ಅಲ್ಲಿದ್ದದ್ದು ಸಾವಿರಾರು ಕುದುರೆ. ಕೆಲವಕ್ಕೆ ಎರಡು ದಿನದಿಂದ ನೀರು ಸಿಕ್ಕಿರಲಿಲ್ಲ. ನೀರಿಲ್ಲದ ಕುದುರೆ ಮೊದಲು ಮೇವು ಬಿಡುತ್ತದೆ. ಬಾಯಲ್ಲಿ ಜೊಲ್ಲಿಲ್ಲದೆ ಕಾಳು ಗಂಟಲಲ್ಲಿ ಇಳಿಯುವುದಿಲ್ಲ. ಕತ್ತಿನ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಂತಿರುತ್ತದೆ. ಲದ್ದಿ ಗಟ್ಟಿಯಾಗಿ ಹೊಟ್ಟೆನೋವು ಶುರುವಾಯಿತೋ, ಆ ಪ್ರಾಣಿ ಸವಾರಿಗೆ ಬರುವುದಿಲ್ಲ. ಊರಿನ ಬಾವಿಗಳು ಸಂಜೆಯೊಳಗೆ ಕೈಗೆ ಸಿಗದಿದ್ದರೆ ಅಷ್ಟೂ ಕುದುರೆಗಳನ್ನು ಹಿಂದಕ್ಕೆ ನಡೆಸಬೇಕಾಗಿತ್ತು. ಬಾವಿಗಳಿಗೆ ತುರ್ಕರು ಮದ್ದು ಬೇರೆ ಹೂತಿದ್ದರು.

ನೀರಿನ ವಾಸನೆ ಹಿಡಿದು ಕುದುರೆಗಳು ತಾವಾಗೇ ಓಡಿದವು ಅಂತ ಬರೆದಿದ್ದೀಯಲ್ಲ, ಕೇಳುವುದಕ್ಕೆ ಚೆನ್ನಾಗಿದೆ. ನನಗೆ ಅಷ್ಟು ನಂಬಿಕೆ ಬರುವುದಿಲ್ಲ. ಕುದುರೆ ಗುಂಪಿನ ಪ್ರಾಣಿ. ಪಕ್ಕದ್ದು ಓಡಿದರೆ ಇದೂ ಓಡುತ್ತದೆ, ಬಾಯಾರಿದ್ದರೂ ಸರಿ, ಇಲ್ಲದಿದ್ದರೂ ಸರಿ.

ಬೀರ್‌ಶೀಬಾದ ಆ ದಿನವನ್ನೆಲ್ಲ ಸಂಜೆ ನುಗ್ಗಿದ 4ನೇ, 12ನೇ ರೆಜಿಮೆಂಟಿನ ಖಾತೆಗೇ ಹಾಕಬೇಡ. ಬೆಳಿಗ್ಗೆಯಿಂದ ಪಶ್ಚಿಮದ ಕಡೆ ಬ್ರಿಟಿಷ್ ಕಾಲಾಳುಗಳು ಹೊಡೆದಾಡಿದ್ದರು. ಪೂರ್ವದ ತೆಲ್ ಎಲ್ ಸಬಾ ದಿಬ್ಬವನ್ನು ನ್ಯೂಜಿಲೆಂಡಿನವರು ಮಧ್ಯಾಹ್ನದ ಹೊತ್ತಿಗೆ ಹಿಡಿದರು. ಅದು ಬೀಳದಿದ್ದರೆ ಸಂಜೆಯ ದಾಳಿ ಎಲ್ಲಿಂದ ಬರಬೇಕು? ಹೊತ್ತು ಮುಳುಗುತ್ತಾ ಬಂದಿತ್ತು. ಕತ್ತಿ ಇದ್ದ ಬ್ರಿಟಿಷ್ ಬ್ರಿಗೇಡ್ ಹಿಂದೆ ಇತ್ತು, ಹತ್ತಿರ ಸಿಕ್ಕಿದ್ದು ವಿಲಿಯಂ ಗ್ರಾಂಟ್‌ನ ಲೈಟ್ ಹಾರ್ಸ್ ಬ್ರಿಗೇಡ್. ಸೇನಾಪತಿ ಹ್ಯಾರಿ ಶೋವೆಲ್ ಗ್ರಾಂಟನನ್ನೇ ದಾಳಿಗೆ ಕಳಿಸಿದ. ನಾಲ್ಕೂವರೆ ಗಂಟೆ. ವಿಕ್ಟೋರಿಯಾದ 4ನೆಯದು, ನ್ಯೂ ಸೌತ್ ವೇಲ್ಸ್‌ನ 12ನೆಯದು, ಪಕ್ಕಪಕ್ಕ. 4ನೆಯದನ್ನು ನಡೆಸಿದವನು ಊರಲ್ಲಿ ರೈತ. ಕತ್ತಿ ಇಲ್ಲದವರು ರೈಫಲನ್ನು ಬೆನ್ನಿಗೆ ಹಾಕಿ, ಅದರ ತುದಿಗೆ ಸಿಕ್ಕಿಸುವ ಚೂರಿಯನ್ನೇ, ಬಯೊನೆಟ್ಟನ್ನೇ, ಕೈಯಲ್ಲಿ ಹಿಡಿದರು. ಇವರು ಯಾವಾಗಲೂ ಇಳಿದೇ ಹೋರಾಡುವವರು, ಇಳಿಯಲಿ, ಆಮೇಲೆ ಹೊಡೆಯೋಣ ಅಂತ ಕಂದಕದಲ್ಲಿದ್ದ ತುರ್ಕರು ಕಾದರು. ಇವರು ಇಳಿಯಲಿಲ್ಲ. ಆಮೇಲೆ ತುರ್ಕರು ಗಾಬರಿಯಲ್ಲಿ ರೈಫಲಿನ ಗುರಿ ತಗ್ಗಿಸುವುದನ್ನೇ ಮರೆತರು, ಗುಂಡುಗಳು ತಲೆ ಮೇಲೆ ಹಾರಿಹೋದವು. 12ನೆಯದರಲ್ಲಿ ಜಾಸ್ತಿ ಜನ ಕಂದಕ ಹಾರಿ ಊರೊಳಗೆ ಹೋದರು. 4ನೆಯವರಲ್ಲಿ ಬಹಳ ಜನ ಅಲ್ಲೇ ಧುಮುಕಿ ಕೈಕೈ ಮಿಲಾಯಿಸಿದರು. ಕೊನೆಗೂ ಇಳಿದೇ ಇಳಿದರು ನೋಡು. ಸುಮಾರು 800 ಸವಾರರಲ್ಲಿ ಸತ್ತವರು 31, ಗಾಯವಾದವರು 36. ನೀನು "ನೂರಾರು ಜನರ ಬಲಿದಾನ" ಅಂದಿದ್ದೀಯ. 31 ಕಡಿಮೆ ಅಂತ ಯಾರಾದರೂ ಅಂದರಾ? ಇದ್ದಷ್ಟನ್ನೇ ಹೇಳು.

ಎದುರಿಗಿದ್ದವರನ್ನು "ಕ್ರೂರ ತುರ್ಕರು" ಅಂತ ಕರೆದದ್ದು ನನಗೆ ಹಿಡಿಸಲಿಲ್ಲ. ಅವರೂ ಹೊಲ ಬಿಟ್ಟು ಬಂದ ಹುಡುಗರೇ. ಅಲ್ಲಿ ಅವರ ದಂಡನಾಯಕನಾಗಿದ್ದವನು ಇಸ್ಮೆತ್, ಮುಂದೆ ತುರ್ಕಿಯ ಎರಡನೇ ಅಧ್ಯಕ್ಷನಾದ. ಈಗಿನ ಬ್ರಾಡ್‌ಮೆಡೋಸ್‌ನಲ್ಲಿ ತುರ್ಕಿ ಮೂಲದ ಮನೆಗಳು ಎಷ್ಟಿವೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ರೆಜಿಮೆಂಟ್ ಹುಟ್ಟಿದ ಜಾಗದಲ್ಲೇ ಅವರು ಬಂದು ನೆಲೆಸಿದ್ದಾರೆ. ನಿನ್ನ ಪರಿಚಯದವರು ಒಬ್ಬರನ್ನಾದರೂ ಕಾರ್ಯಕ್ರಮಕ್ಕೆ ಕರಿ. ಅವರು ಮುಂದಿನ ಸಾಲಿನಲ್ಲಿ ಕೂತಿದ್ದರೆ ನಿನ್ನ ನಾಲಿಗೆ ತಾನಾಗೇ ಹದಕ್ಕೆ ಬರುತ್ತದೆ.

ಲೈಟ್ ಹಾರ್ಸ್‌ನವರು, ನಮ್ಮ ಲ್ಯಾನ್ಸರ್ಸ್ ಇಬ್ಬರನ್ನೂ "ಸ್ವಂತ ಇಚ್ಛೆಯಿಂದ ಹೋದ ವೀರರು" ಅಂತ ಒಂದೇ ಹಾರ ಹಾಕಿದ್ದೀಯ. ಆಸ್ಟ್ರೇಲಿಯದವರ ವಿಷಯದಲ್ಲಿ ಅದು ನಿಜ. ಕಡ್ಡಾಯ ಸೇನೆ ಬೇಕೋ ಬೇಡವೋ ಅಂತ 1916ರಲ್ಲಿ ಒಮ್ಮೆ, 1917ರಲ್ಲಿ ಇನ್ನೊಮ್ಮೆ ಜನರನ್ನೇ ಕೇಳಿದರು. ಎರಡು ಸಲವೂ ಬೇಡ ಅಂತಲೇ ಓಟು ಬಿತ್ತು. ಸೇರಿದವನಿಗೆ ದಿನಕ್ಕೆ 6 ಶಿಲಿಂಗ್. ಆದರೆ ಆ ನಾಡಿನ ಆದಿವಾಸಿಗಳಿಗೆ ಸೇರುವುದಕ್ಕೇ ಕಾನೂನು ಅಡ್ಡಿ ಇತ್ತು. ಆದರೂ 11ನೇ ರೆಜಿಮೆಂಟಿಗೆ ಆದಿವಾಸಿ ಯುವಕರ ಒಂದು ತಂಡವೇ ಬಂತು. ನಮ್ಮ ಲ್ಯಾನ್ಸರ್ಸ್ ಮಹಾರಾಜರ ಸಂಬಳದ ಸಿಪಾಯಿಗಳು. ಅವರನ್ನಾಗಲಿ ಅವರ ಮನೆಯವರನ್ನಾಗಲಿ ಯಾರೂ ಓಟು ಹಾಕಿಸಿ ಕೇಳಲಿಲ್ಲ. ಹಾಗಂತ ಅವರ ಧೈರ್ಯ ಕಮ್ಮಿಯಾಗುವುದಿಲ್ಲ, ಆದರೆ ಎರಡನ್ನೂ ಒಂದೇ ಅನ್ನಬೇಡ. ಹೈಫಾದಲ್ಲೂ ಅಷ್ಟೇ. ಊರೊಳಗೆ ನುಗ್ಗಿದ ಮುಖ್ಯ ದಾಳಿ ಜೋಧಪುರದವರದ್ದು, ಅವರ ಮೇಜರ್ ದಲಪತ್ ಸಿಂಗ್ ಅಲ್ಲೇ ತೀರಿಕೊಂಡರು. ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಹೋದದ್ದು ಮೈಸೂರಿನ ಸ್ಕ್ವಾಡ್ರನ್. ನಮ್ಮ ಪಾಲು ನಮಗಿದೆ, ಅವರದ್ದನ್ನೂ ಕಸಿದುಕೊಳ್ಳುವುದು ಬೇಡ. ಆ ಹೊತ್ತಿಗೆ ನಮ್ಮವರೂ 4ನೇ ಲೈಟ್ ಹಾರ್ಸ್‌ನವರೂ ಶೋವೆಲ್‌ನ ಕೈಕೆಳಗಿನ ಒಂದೇ ಕೋರ್‌ನಲ್ಲಿ, ಅಂದರೆ ಒಂದೇ ದೊಡ್ಡ ಸೇನೆಯಲ್ಲಿ, ಇದ್ದರು. ನೀನು ಹುಡುಕುತ್ತಿದ್ದ ಕೊಂಡಿ ಅದೇ. ಅದನ್ನೇ ಬಿಟ್ಟಿದ್ದೀಯಲ್ಲೋ!

ಕಹಿ ವಿಷಯವನ್ನೂ ಹೇಳು. ಯುದ್ಧ ಮುಗಿದ ಮೇಲೆ, 1918ರ ಡಿಸೆಂಬರ್‌ನಲ್ಲಿ, ಪ್ಯಾಲೆಸ್ಟೈನಿನ ಸುರಫೆಂದ್ ಹಳ್ಳಿಯಲ್ಲಿ ನ್ಯೂಜಿಲೆಂಡಿನ, ಆಸ್ಟ್ರೇಲಿಯದ ಸವಾರರು ಊರ ಗಂಡಸರನ್ನು ಕೊಂದು ಮನೆಗಳಿಗೆ ಬೆಂಕಿ ಇಟ್ಟರು. ತಮ್ಮವನೊಬ್ಬನನ್ನು ಕಳ್ಳ ಕೊಂದನೆಂಬ ಸಿಟ್ಟಿಗೆ. 4ನೆಯದು ಆ ಸವಾರರ ಡಿವಿಜನ್‌ಗೆ ಸೇರಿದ್ದಲ್ಲ, ನಿಜ. 1919ರಲ್ಲಿ ಈಜಿಪ್ಟಿನವರು ಸ್ವಾತಂತ್ರ್ಯ ಕೇಳಿ ಎದ್ದಾಗ ಅಡಗಿಸುವುದಕ್ಕೂ ಲೈಟ್ ಹಾರ್ಸ್‌ನವರನ್ನು ಬಳಸಿದರು. ಅದೇ ವರ್ಷ ಅಮೃತಸರದಲ್ಲಿ ಏನಾಯಿತು ಅಂತ ಸಭೆಗೆ ನೆನಪಿಸಬೇಕಾಗಿಲ್ಲ ಅಲ್ವಾ.

ಯುದ್ಧ ಮುಗಿದ ಮೇಲೆ ಕುದುರೆಗಳು ಏನಾದವು ಅಂತ ನೀನು ಕೇಳಿದ್ದೆ. ಆಸ್ಟ್ರೇಲಿಯ ಬಿಟ್ಟ ಕುದುರೆಗಳು 1,30,000ಕ್ಕೂ ಹೆಚ್ಚು. ವಾಪಸ್ ಹೋದದ್ದು ಒಂದೇ ಒಂದು, ಆಸ್ಟ್ರೇಲಿಯದ ಜನರಲ್ ಬ್ರಿಡ್ಜಸ್‌ನ ಕುದುರೆ ಸ್ಯಾಂಡಿ. ಖರ್ಚು, ಮೇಲಾಗಿ ರೋಗ ಬರುತ್ತದೆಂಬ ಭಯ. ಸವಾರರೆಲ್ಲ ಕಣ್ಣೀರಿಟ್ಟು ತಮ್ಮ ಕುದುರೆಗೆ ತಾವೇ ಗುಂಡು ಹೊಡೆದರು ಅನ್ನುವುದು ಸುಮ್ನೆ ಬೆಳೆದ ಕಥೆ. ಮುದಿಯಾದವನ್ನು, ರೋಗ ಬಂದವನ್ನು ಸೇನೆಯೇ ಕೊಲ್ಲಿಸಿತು. ಗಟ್ಟಿಯಾಗಿದ್ದವು ಬೇರೆ ಪಡೆಗಳಿಗೆ ಹೋದವು, ಭಾರತದ ಸೇನೆಗೂ ಬಂದವು.

ತಿದ್ದಿದ್ದನ್ನು ಇನ್ನೊಮ್ಮೆ ಕಳಿಸು. ಹದಿನೈದು ನಿಮಿಷ ದಾಟಬೇಡ. ನಿನ್ನದಾದ ಮೇಲೆ ಊಟ ಅಂತ ಬರೆದಿದ್ದೀಯ, ಹಸಿದವರ ಮುಂದೆ ಉದ್ದ ಮಾತು ನಡೆಯುವುದಿಲ್ಲ. ಜೆ.ಸಿ. ನಗರದ ಲ್ಯಾನ್ಸರ್ಸ್ ಸ್ಮಾರಕದ ಫೋಟೊ ಬೇಕೆಂದಿದ್ದೆಯಲ್ಲ, ಮುಂದಿನ ವಾರ ಬೆಂಗಳೂರಿಗೆ ಹೋದಾಗ ತೆಗೆದು ಕಳಿಸುತ್ತೇನೆ. ದೊಡ್ಡಮ್ಮ ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ, ಅಲ್ಲಿಗೆ ಬರುವವರು ಯಾರಾದರೂ ಇದ್ದರೆ ತಿಳಿಸು.

ಇತಿ,
ನಿನ್ನ ದೊಡ್ಡಪ್ಪ