ತಾಳಗುಂದದ ಹಿರಿಯರಿಗೊಂದು ನಮಸ್ಕಾರ

ಪ್ರಣವೇಶ್ವರ ಗುಡಿಯೆದುರು ನಮ್ಮ ಹೈಸ್ಕೂಲ್ ಮಕ್ಕಳಿಗೆ ಕದಂಬ ರಾಜರ ಸ್ತಂಭಶಾಸನ ತೋರಿಸಿದ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ನೀವು ತೋಟದ ಕಡೆ ಹೊರಟುಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೀವು ಇಸವಿ ಹೇಳಲಿಲ್ಲ, ಪ್ರಶ್ನೆ ಕೇಳಿದಿರಿ. "ಕಂಚಿಗೆ ಓದೋಕೆ ಹೋದ ಮಯೂರಶರ್ಮ ಕತ್ತಿ ಹಿಡಿದದ್ದು ಯಾಕ್ರೋ?" ಪಲ್ಲವರ ಕುದುರೆ ಸವಾರನ ಜತೆಗಿನ ಜಗಳದ ಕತೆ ಬಂತು. ಅಷ್ಟಕ್ಕೇ ಬಿಡದೆ, "ಇದನ್ನ ಬರೆಸಿದ್ದು ಅವನ ವಂಶದ ಶಾಂತಿವರ್ಮ. ಪಲ್ಲವರೇ ಬರೆಸಿದ್ರೆ?" ಅಂದಿರಿ. ಕಂಬದಲ್ಲಿ ಉದ್ದುದ್ದಕ್ಕೆ ಕೊರೆದ ಸಾಲುಗಳನ್ನು ಕತ್ತು ವಾಲಿಸಿ ನೋಡುತ್ತಿದ್ದ ಹುಡುಗಿಯೊಬ್ಬಳು ತಟ್ಟನೆ, "ಆಗ ತಪ್ಪೆಲ್ಲ ಇವನದ್ದೇ ಆಗ್ತಿತ್ತು" ಅಂದಳು. ಆಧಾರವನ್ನೇ ಅನುಮಾನಿಸುವುದನ್ನು ಕಲಿಸಲು ನನಗೆ ಅರ್ಧ ವರ್ಷ ಬೇಕು, ಮಾರಾಯ್ರೆ!

ಶಿರಾಳಕೊಪ್ಪ ದಾಟಿದರೂ ಬಸ್ಸಲ್ಲಿ ವಾದ ನಿಂತಿರಲಿಲ್ಲ. ಮುಂದಿನ ಸಲ 1942ರ ಸ್ವಾತಂತ್ರ್ಯ ಹೋರಾಟದ ಕತೆ ಕೇಳಲು ಈಸೂರಿಗೆ ಹೋಗುತ್ತೇವೆ. ಬಿಡುವಿದ್ದರೆ ನೀವೂ ಬನ್ನಿ.