ಶಾಲೆಯ ಮುಂದಿನ ಹಳದಿ ಗೆರೆ: ಪೋಷಕರಲ್ಲಿ ಒಂದು ವಿನಂತಿ

ಮಾನ್ಯ ಪೋಷಕರೇ,

ನಮಸ್ಕಾರ. ಶಾಲೆಯ ಗೇಟಿನಿಂದ ಎರಡೂ ಕಡೆ ನೂರು ಮೀಟರ್ ಅಳೆದು ರಸ್ತೆಯ ಮೇಲೆ ಬಳಿದಿರುವ ಹಳದಿ ಗೆರೆಯನ್ನು ತಾವು ನೋಡಿರುತ್ತೀರಿ. ಅದರೊಳಗೆ ಬೀಡಿ, ಸಿಗರೇಟು, ಹೊಗೆಸೊಪ್ಪು ಯಾವುದನ್ನೂ ಮಾರುವಂತಿಲ್ಲ. ಗೆರೆ ಎಳೆದ ಮೇಲೆ ಗೂಡಂಗಡಿಯೊಂದು ಆಚೆಗೆ ಸರಿಯಿತು. ಸೇದುವವರು ನಾಲ್ಕು ಹೆಜ್ಜೆ ಮುಂದೆ ಹೋಗಿ ಸೇದುತ್ತಾರೆ, ಇದರಿಂದೇನು ಪ್ರಯೋಜನ ಎಂದು ತಮ್ಮಲ್ಲಿ ಕೆಲವರು ಕೇಳಿದ್ದೀರಿ. ಆ ಪ್ರಶ್ನೆಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಓದುತ್ತಿದ್ದ ಕಾಲದಲ್ಲಿ ಬಸ್ಸಿನಲ್ಲಿ ಪಕ್ಕದವರು ಬೀಡಿ ಹಚ್ಚಿದರೆ ಕಿಟಕಿಯತ್ತ ಮುಖ ತಿರುಗಿಸಿ ಕೂರುವುದೊಂದೇ ನಮಗಿದ್ದ ದಾರಿ. ಹಿರಿಯರಿಗೆ ಬೇಡವೆಂದು ಹೇಳುವುದು ಉದ್ಧಟತನವೆನಿಸುತ್ತಿತ್ತು. 2003ರ ತಂಬಾಕು ನಿಯಂತ್ರಣ ಕಾಯ್ದೆಯಡಿ, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ಹೊಸ ನಿಯಮಗಳು ಜಾರಿಗೆ ಬಂದವು. ದಂಡ ಕಟ್ಟಿದವರನ್ನು ನಾನು ಕಂಡದ್ದು ತೀರಾ ಕಡಿಮೆ. ಆದರೆ ‘ಇಲ್ಲಿ ಸೇದಬೇಡಿ’ ಎನ್ನುವ ಧೈರ್ಯ ಪಕ್ಕದಲ್ಲಿ ಕೂತವರಿಗೆ ಬಂದಿತು, ಸೇದುವವರಿಗೆ ಸಂಕೋಚ ಹುಟ್ಟಿತು. ಕಾನೂನಿನ ನಿಜವಾದ ಕೆಲಸ ಇಲ್ಲಿಯೇ ನಡೆಯುತ್ತದೆಂದು ನಾನು ನಂಬಿದ್ದೇನೆ. ವಯಸ್ಕರ ತಂಬಾಕು ಬಳಕೆಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 2009–10ರಲ್ಲಿ ಶೇ. 28.2ರಷ್ಟಿದ್ದ ಬಳಕೆದಾರರ ಪ್ರಮಾಣ 2016–17ರ ಹೊತ್ತಿಗೆ ಶೇ. 22.8ಕ್ಕೆ ಇಳಿದಿತ್ತು. ಇದಕ್ಕೆ ಒಂದೇ ನಿಯಮ ಕಾರಣವೆನ್ನಲಾಗದು. ಆ ನಡುವೆ, 2013ರಲ್ಲಿ, ನಮ್ಮ ರಾಜ್ಯದಲ್ಲಿ ಗುಟ್ಕಾ ಮಾರಾಟಕ್ಕೂ ತಡೆ ಬಿದ್ದಿತ್ತು.

2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯಂತೆ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ, ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 200 ರೂಪಾಯಿಯ ಬದಲು 1,000 ರೂಪಾಯಿಯವರೆಗೆ ಬೀಳುತ್ತದೆ. ಇವುಗಳಲ್ಲಿ ಬಿಡಿ ಮಾರಾಟದ ತಡೆಯೇ ಮಕ್ಕಳ ಮಟ್ಟಿಗೆ ದೊಡ್ಡದು. ಪೂರ್ತಿ ಪ್ಯಾಕಿಗೆ ಹಣ ಹೊಂದಿಸಲಾಗದ ಹುಡುಗನ ಕೈಗೆ ಸಿಗುವುದು ಬಿಡಿ ಸಿಗರೇಟೇ, ಮತ್ತು ಅದರೊಂದಿಗೆ ಪ್ಯಾಕಿನ ಮೇಲಿನ ಎಚ್ಚರಿಕೆಯ ಚಿತ್ರ ಬರುವುದಿಲ್ಲ.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಎಷ್ಟೋ ಮನೆಗಳ ಅನ್ನ. ಸೊಪ್ಪು ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿ ರಾತ್ರಿಯಿಡೀ ಕಾಯುವ ತಾವು ಪಡುವ ಶ್ರಮ ನನಗೆ ತಿಳಿದಿದೆ. ಈ ನಿಯಮಗಳು ಬೆಳೆಯುವವರ ವಿರುದ್ಧವಲ್ಲ, ಮಾರಾಟ ಮತ್ತು ಸೇವನೆಗೆ ಸಂಬಂಧಿಸಿದವು. ಬೆಳೆ ಮನೆಯದ್ದಾದ ಮಾತ್ರಕ್ಕೆ ಚಟವೂ ಮನೆಯದಾಗಬೇಕಿಲ್ಲವಷ್ಟೆ.

ಗೆರೆಯ ಬೆಲೆ ಉಳಿಯುವುದು ಮನೆಯವರ ನಡವಳಿಕೆಯಿಂದ. ‘ಅಪ್ಪನಿಗೆ ಬೇಕಂತೆ’ ಎಂದು ಬೀಡಿ ಕಟ್ಟು ಕೊಳ್ಳಲು ಬರುವ ಮಕ್ಕಳನ್ನು ಅಂಗಡಿಯವರು ವಾಪಸು ಕಳಿಸಲು ಹಿಂಜರಿಯುತ್ತಾರೆ. ಏಕೆಂದರೆ ಮರುದಿನ ಅಪ್ಪನೇ ಜಗಳಕ್ಕೆ ಬಂದಾರೆಂಬ ಅಂಜಿಕೆ. ಹೀಗೆ ಮಗುವಿಗೆ ಅಂಗಡಿಯ ಅಭ್ಯಾಸವಾಗುತ್ತದೆ, ನಿಯಮವೆಂದರೆ ಹೆಸರಿಗಷ್ಟೇ ಎಂಬ ತಿಳುವಳಿಕೆಯೂ ಬರುತ್ತದೆ. ಆದ್ದರಿಂದ ಮಕ್ಕಳನ್ನು ತಂಬಾಕು ತರಲು ಎಂದಿಗೂ ಕಳಿಸಬಾರದೆಂದೂ, ಅಂಗಡಿಯವರು ಕೊಡಲು ನಿರಾಕರಿಸಿದರೆ ಅವರ ಬೆನ್ನಿಗೆ ನಿಲ್ಲಬೇಕೆಂದೂ, ಮಕ್ಕಳನ್ನು ಬಿಡಲು ಬಂದಾಗ ಗೇಟಿನ ಬಳಿ ಸೇದಬಾರದೆಂದೂ ಕಳಕಳಿಯಿಂದ ಕೋರುತ್ತೇನೆ. ತಂಬಾಕು ಬಿಡಬೇಕೆಂದಿರುವ ಪೋಷಕರು ಉಚಿತ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು.

ಅಂಗಡಿಯವರೊಂದಿಗೆ ಮಾತನಾಡಲು ನಮ್ಮೊಡನೆ ಬರುವ ಪೋಷಕರು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಮೊದಲೇ ತರಗತಿ ಶಿಕ್ಷಕರ ಬಳಿ ಹೆಸರು ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು